ಹನ್ನೆರಡನೆಯ ಗೂಡಿನ ಮೇಣ

“ಅದನ್ನ ಮುಟ್ಟಬೇಡಿ ಅಂತಿದ್ದಾಳೆ,” ಎಂದ ಸಿಗಾರ್.

ಮುದುಕಿ ಅಷ್ಟು ಹೊತ್ತು ಒದರಿದ್ದಕ್ಕೂ ಈ ಒಂದು ಮಾತಿಗೂ ತಾಳೆಯಾಗಲಿಲ್ಲ. ತುರೊಲ್ಡ್ ಹುಬ್ಬೇರಿಸಿದ. “ಅಷ್ಟೇನಾ ಹೇಳಿದ್ದು?”

“ಉಳಿದದ್ದು ನಿಮ್ಮ ವಂಶದ ವಿಚಾರ, ಭಾವ. ಅದನ್ನ ನಿಮ್ಮ ಭಾಷೆಗೆ ತಂದರೆ ಅಕ್ಕ ನನಗೆ ಊಟ ಹಾಕೋದಿಲ್ಲ.”

ಇಂಗ್ಲಿಷರ ನಾಡನ್ನು ಗೆದ್ದ ಪರದೇಶದ ದೊರೆಗೆ ತುರೊಲ್ಡ್ ಗುಮಾಸ್ತ. ಸಮುದ್ರದಾಚೆಯಿಂದ ಬಂದು ನಾರಿಚ್ ಪಟ್ಟಣದಲ್ಲಿ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗಿ ಏಳು ವರ್ಷವಾಗಿತ್ತು. ಅವಳು ಅವನ ಭಾಷೆ ಕಲಿತಳು. ಅವನು ಅವಳದನ್ನು ಕಲಿಯಲಿಲ್ಲ. ಈ ನಾಡಿನ ಊರೂರಿನ ನೆಲ, ನೇಗಿಲು, ಎತ್ತು, ಗಿರಣಿ, ಜೇನುಗೂಡು ಒಂದನ್ನೂ ಬಿಡದೆ ಬರೆದು ತರಬೇಕೆಂದು ದೊರೆಯ ಅಪ್ಪಣೆಯಾದಾಗ ಹೆಂಡತಿಯ ತಮ್ಮ ಸಿಗಾರನನ್ನೇ ದುಭಾಷಿಯಾಗಿ ಕರೆದುಕೊಂಡು ಹೊರಟಿದ್ದ.

ಥಾರ್ನ್‌ಮೆರ್ ಅವರ ನಲವತ್ತೊಂದನೆಯ ಊರು. ಊರ ಯಜಮಾನ ಸ್ಪ್ರೋಟ್ ಹನ್ನೊಂದು ಜೇನುಗೂಡು ಎಂದಿದ್ದ. ತುರೊಲ್ಡ್ ಕಣ್ಣಿನಿಂದ ಕಂಡದ್ದನ್ನಷ್ಟೇ ಬರೆಯುವ ಮನುಷ್ಯ. ಅವನ ಲೆಕ್ಕಕ್ಕೆ ಹನ್ನೆರಡು ಸಿಕ್ಕಿತ್ತು. ಹನ್ನೆರಡನೆಯದು ಉಳಿದವುಗಳ ಸಾಲಿನಲ್ಲಿರಲಿಲ್ಲ. ಜವುಗಿನ ಅಂಚಿನಲ್ಲಿ, ಹಳೆಯ ಕಾಲದವರು ಹೆಣ ಹೂಳುತ್ತಿದ್ದ ದಿಬ್ಬದ ನೆತ್ತಿಯ ಮೇಲೆ ಒಂಟಿಯಾಗಿ ಕೂತಿತ್ತು. ಹುಲ್ಲಿನ ಬುಟ್ಟಿಯನ್ನು ಬೋರಲು ಹಾಕಿ ಸಗಣಿ ಮೆತ್ತಿದ್ದರು. ಸಗಣಿ ಒಣಗಿ, ಬಿರಿದು, ಕಪ್ಪಾಗಿತ್ತು. ಅದರ ಸುತ್ತ ಹತ್ತು ಮಾರು ದೂರದವರೆಗೆ ಒಂದು ಹೂವೂ ಇರಲಿಲ್ಲ.

“ಇದು ಯಾರದ್ದು ಅಂತ ಕೇಳು.”

ಮುದುಕಿಯ ಹೆಸರು ಆಲ್ವಿವಾ. ಊರಿನ ಜೇನು ಸಾಕುವವಳು ಅವಳೇ. ಅವಳು ಗೂಡಿನ ಕಡೆ ನೋಡದೆ ಉತ್ತರ ಕೊಟ್ಟಳು.

“ಯಾರದ್ದೂ ಅಲ್ಲವಂತೆ.”

“ಯಾರದ್ದೂ ಅಲ್ಲದ್ದು ದೊರೆಯದ್ದು. ಹಾಗಂತ ಹೇಳು.”

ಎರಡು ತಿಂಗಳಿನಿಂದ ತುರೊಲ್ಡ್ ಇಂಥ ಜಾಗಗಳನ್ನು ಬೇಕಾದಷ್ಟು ನೋಡಿದ್ದ. ಪ್ರತಿ ಊರಲ್ಲೂ ‘ಅಲ್ಲಿಗೆ ಹೋಗಬೇಡಿ’ ಎಂಬ ಒಂದು ಮೂಲೆ ಇರುತ್ತಿತ್ತು. ದೆವ್ವವಿದೆ ಎಂದ ಕಡೆಯೆಲ್ಲ ಅವನಿಗೆ ಲೆಕ್ಕ ತಪ್ಪಿಸಲು ಬಚ್ಚಿಟ್ಟ ಹಂದಿಗಳು ಸಿಕ್ಕಿದ್ದವು. ಅವನು ನಕ್ಕು, ಬೂಟುಗಾಲಿನಿಂದ ಗೂಡನ್ನು ಒದ್ದ.

ಬುಟ್ಟಿ ಮಗುಚಿತು. ಒಂದು ಹುಳುವೂ ಹಾರಲಿಲ್ಲ. ಒಳಗಿನಿಂದ ಸುಟ್ಟ ಕೂದಲಿನ ವಾಸನೆ, ಅದರ ಹಿಂದೆಯೇ ಅತಿ ಹಳೆಯ ಜೇನಿನ ಸಿಹಿ ಮೂಗಿಗೆ ಬಡಿಯಿತು. ಜೇನು ಇರಲಿಲ್ಲ. ಪದರ ಪದರವಾಗಿ ಬರಿ ಮೇಣದ ಹುಟ್ಟಿ, ಇದ್ದಿಲಿನಷ್ಟು ಕಪ್ಪಗೆ, ಒಂದೇ ಒಂದು ಕಣ್ಣೂ ಒಡೆಯದೆ.

ತುರೊಲ್ಡನಿಗೆ ಖುಷಿಯಾಯಿತು. ಅವನ ಬರೆಯುವ ಹಲಗೆಯ ಮೇಣ ಹಿಂದಿನ ದಿನವೇ ಬಿರುಕು ಬಿಟ್ಟಿತ್ತು. ಮೊದಲು ಮೇಣದ ಮೇಲೆ ಕಂಟವೆಂಬ ಚೂಪು ಕಡ್ಡಿಯಿಂದ ಗೀಚಿಕೊಂಡು, ತಪ್ಪಿದ್ದನ್ನು ಕಂಟದ ಚಪ್ಪಟೆ ತುದಿಯಿಂದ ಸವರಿ ಅಳಿಸಿ, ಎಲ್ಲ ಸರಿಯಾದ ಮೇಲೆ ತೊಗಲಿನ ಹಾಳೆಗೆ ಇಳಿಸುವುದು ಅವನ ಕಸುಬಿನ ಕ್ರಮ. ಅದಕ್ಕೆ ಕಪ್ಪು ಮೇಣವೇ ಮೇಲು. ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಅವನು ಹುಟ್ಟಿಯನ್ನು ಮುರಿದು ಚೀಲಕ್ಕೆ ತುಂಬಿದ.

ಆಲ್ವಿವಾ ಈ ಸಲ ಒದರಲಿಲ್ಲ. ಎರಡೇ ಮಾತು ಆಡಿ ತಿರುಗಿ ನಡೆದಳು.

“ಏನಂತೆ?”

“ಅದರ ಮೇಲೆ ಯಾರ ಹೆಸರನ್ನೂ ಬರೀಬೇಡಿ ಅಂದಳು.”

“ಹೆಸರು ಬರೆಯದೆ ಇನ್ನೇನು, ಹೂಬಳ್ಳಿ ಬರೆಯಲಾ?”

ಮರುದಿನ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ವಿಚಾರಣೆ ಕೂತಿತು. ಹೊಸ ಮೇಣ ನುಣ್ಣಗೆ ಹೊಳೆಯುತ್ತಿತ್ತು. ಎರಡು ಹಲಗೆ, ನಡುವೆ ತೊಗಲಿನ ಕೀಲು. ಒಂದರಲ್ಲಿ ಊರಿನ ಸೊತ್ತು, ಇನ್ನೊಂದರಲ್ಲಿ ಹೆಸರುಗಳು. ಆಣೆ ಇಟ್ಟು ಉತ್ತರ ಹೇಳುವ ಆರು ಜನ ಊರವರು, ಅವರ ಕೆಳಗೆ ದುಭಾಷಿ ಸಿಗಾರ್, ಎಲ್ಲಕ್ಕಿಂತ ಕೆಳಗೆ ಬರೆದವನು ತುರೊಲ್ಡ್.

“ದೊರೆ ಈ ಊರನ್ನು ಅದರ ಒಡೆಯನಿಗೆ ಕೊಟ್ಟಾಗ ಎತ್ತು ಎಷ್ಟಿದ್ದವು? ಈಗ ಎಷ್ಟಿವೆ?”

“ಆಗಲೂ ಹದಿನಾರು, ಈಗಲೂ ಹದಿನಾರು,” ಎಂದ ಸ್ಪ್ರೋಟ್. ತುರೊಲ್ಡ್ ಎತ್ತಿಗೊಂದರಂತೆ ಹದಿನಾರು ಗೀರು ಎಳೆದ. ಅಷ್ಟರಲ್ಲಿ ಸ್ಪ್ರೋಟ್ ತಲೆ ಕೆರೆದುಕೊಂಡ. ಎರಡು ಎತ್ತು ಪಕ್ಕದೂರಿನವು, ಉಳುಮೆಗೆಂದು ಕಡ ತಂದವು.

ತುರೊಲ್ಡ್ ಕಂಟವನ್ನು ತಿರುಗಿಸಿ ಎರಡು ಗೀರು ಸವರಿದ.

ಅಂಗಳದ ಗೋಡೆಯಾಚೆ ಬೀಳು ಹೊಲದಲ್ಲಿ ನೇಗಿಲು ನಡೆಯುತ್ತಿತ್ತು. ಉಳುವವನು ಕೂಗಿಕೊಂಡ. ಎಂಟೆತ್ತಿನ ಸಾಲಿನಲ್ಲಿ ಮುಂದಿನ ಎರಡು, ಕಡ ತಂದವೇ, ನೊಗದಲ್ಲೇ ಜೋತುಬಿದ್ದಿದ್ದವು. ಎಲ್ಲರೂ ಗೋಡೆ ಹಾರಿ ಓಡಿದರು.

“ಇಬ್ಬನಿ ಹುಲ್ಲು ಮೇಯಿಸಿದ್ದೀರಿ,” ಎಂದ ತುರೊಲ್ಡ್. “ಹೊಟ್ಟೆ ಉಬ್ಬಿ ಸತ್ತಿವೆ.”

ಸಿಗಾರ್ ಇದನ್ನು ಅವರಿಗೆ ಹೇಳಲಿಲ್ಲ. ಅವನು ಬಗ್ಗಿ ಸತ್ತ ಎತ್ತಿನ ಕೊಂಬು ಹಿಡಿದೆತ್ತಿದ. ಒಂದೇ ಕೈಯಲ್ಲಿ. ಇಡೀ ಎತ್ತು ಒಣಹುಲ್ಲಿನ ಹೊರೆಯಂತೆ ನೆಲ ಬಿಟ್ಟು ಮೇಲೆದ್ದಿತು. ಅದರ ಮೂಗಿನಿಂದ ಕಪ್ಪಗಿನ ಜೇನು ಒಂದೆಳೆಯಾಗಿ ಇಳಿಯಿತು.

“ಭಾವ, ಇವತ್ತಿಗೆ ಸಾಕು ಮಾಡೋಣ.”

“ಎರಡು ಎತ್ತು ಸತ್ತರೆ ದೊರೆಯ ಕೆಲಸ ನಿಲ್ಲೋದಿಲ್ಲ. ಬಾ.”

ಅವರು ಮತ್ತೆ ಕೂತರು. ಬಿಸಿಲು ಏರಿತ್ತು. ಆರು ಜನರಲ್ಲಿ ಬ್ರಿತ್‌ಮಾರ್ ಎಂಬ ಮುದುಕನೊಬ್ಬನಿದ್ದ. ಬೊಚ್ಚುಬಾಯಿ, ಎಲ್ಲದಕ್ಕೂ ನಗುವವನು. ಅವನ ಸರದಿ ಬಂದಾಗ ಸ್ಪ್ರೋಟ್ ಅಡ್ಡ ಬಂದ. “ಇವನು ಜೀತದಾಳು ಸ್ವಾಮಿ. ಜೀತದವನ ಆಣೆ ನಡೆಯೋದಿಲ್ಲ. ಆರನೆಯವನು ಸಿಗಲಿಲ್ಲ ಅಂತ ಕೂರಿಸಿದ್ದು.”

ಬ್ರಿತ್‌ಮಾರ್ ನಕ್ಕು ಏನೋ ಅಂದ.

“ಹೆಸರು ತೆಗೆದರೂ ಮಧ್ಯಾಹ್ನದ ಗಂಜಿ ಸಿಗುತ್ತಲ್ಲ, ಅದಕ್ಕೇ ಬಂದೆ ಅಂತಾನೆ,” ಎಂದು ಹೇಳುತ್ತಲೇ ಸಿಗಾರನ ಮುಖ ಬದಲಾಯಿತು. “ಭಾವ, ಅಳಿಸಬೇಡಿ.”

ಕಂಟ ಆಗಲೇ ಸವರಿ ಮುಗಿಸಿತ್ತು.

ಬ್ರಿತ್‌ಮಾರನ ನಗು ಹಾಗೇ ಇತ್ತು. ಕಣ್ಣು ಹಾಗೇ ಇದ್ದವು. ತುಟಿಯ ಮೂಲೆಯಿಂದ ಕಪ್ಪು ಜೇನು ಇಳಿದು ಗಡ್ಡಕ್ಕೆ ಅಂಟಿತು. ಆಮೇಲೆ ಜವುಗಿನ ಕಡೆಯಿಂದ ಸಣ್ಣ ಗಾಳಿ ಬೀಸಿತು. ಆ ಗಾಳಿಗೆ ಅವನು ಬೆಂಚಿನಿಂದ ಜಾರಿ, ಸದ್ದಿಲ್ಲದೆ, ಮಡಿಸಿದ ಅಂಗಿಯಂತೆ ನೆಲಕ್ಕೆ ಬಿದ್ದ.

ತುರೊಲ್ಡ್ ಅದೇ ಹೆಸರನ್ನು ಅದೇ ಜಾಗದಲ್ಲಿ ಮತ್ತೆ ಬರೆದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ ಬರೆದ. ಮೇಣ ಬಿಸಿಲಿಗೆ ಮೆತ್ತಗಾಗಿತ್ತು. ಕೆಳಗಿನ ಸಾಲುಗಳ ಅಂಚು ಕರಗುವ ಹಾಗೆ ಮಿನುಗುತ್ತಿತ್ತು.

ಆಗ ಆಲ್ವಿವಾ ಬಂದಳು. ಕೈಯಲ್ಲಿ ಹೊಗೆಯಾಡುವ ಮಣ್ಣಿನ ಗಡಿಗೆ. ಅವಳು ಮಾತಾಡಿದಳು, ಸಿಗಾರ್ ತಮಾಷೆ ಬಿಟ್ಟು, ಒಂದಕ್ಷರ ಬಿಡದೆ ಹೇಳಿದ.

“ಇಪ್ಪತ್ತು ವರ್ಷದ ಹಿಂದೆ ನಿಮ್ಮ ಕುದುರೆಯವರು ಬಂದು, ಯುದ್ಧಕ್ಕೆ ಹೋದವರು ಯಾರ್ಯಾರು ಅಂತ ಹೆಸರು ಬರಕೊಂಡು ಹೋದರಂತೆ. ಮಾರನೆ ದಿನ ಬರೆದಿದ್ದ ಹೆಸರಿನವರನ್ನೆಲ್ಲ ನೇಣಿಗೆ ಹಾಕಿದರಂತೆ. ಅದರಲ್ಲಿ ಈಕೆಯ ಗಂಡನೂ ಒಬ್ಬ. ಈಕೆಯ ಅತ್ತೆ ಆ ಹಗ್ಗ ಸುಟ್ಟು, ಬೂದೀನ ಗೂಡಿಗೆ ಉಣಿಸಿದಳಂತೆ. ಮೂರು ಅಮಾವಾಸ್ಯೆ ಗೂಡಿನ ಬಾಯಿಗೆ ಬಾಯಿಟ್ಟು ಮಂತ್ರ ಹೇಳಿದಳಂತೆ. ಹೆಸರು ಬರೆಯೋರನ್ನ ಹೆಸರಿನ ದಾರೀಲೇ ತಿನ್ನಿ ಅಂತ. ಆ ಹುಳ ಗೂಡು ಬಿಟ್ಟು ದಿಬ್ಬದೊಳಗೆ ಇಳಿದವಂತೆ. ಬರೆದವರು ಯಾರು, ಬರೆಸಿಕೊಂಡವರು ಯಾರು ಅಂತ ಅವಕ್ಕೆ ಗೊತ್ತಾಗೋದಿಲ್ಲವಂತೆ, ಮೇಣದಿಂದ ಅಳಿದದ್ದೆಲ್ಲ ಅವಕ್ಕೆ ಊಟವಂತೆ.” ಸಿಗಾರ್ ದಿಬ್ಬದ ಕಡೆ ನೋಡಿದ. “ಬಿಸಿಲೇರಿದ ಮೇಲೆ ತಮ್ಮ ಮೇಣ ಕೇಳೋಕೆ ಬರ್ತವೆ ಅಂತಾಳೆ.”

“ದಾರಿ ಏನು? ದಾರಿ ಕೇಳು.”

“ತೊಗಲಿಗೆ ಇಳಿಸಬೇಕಂತೆ. ತೊಗಲು ಒಮ್ಮೆ ಸತ್ತದ್ದು, ಅದನ್ನ ಇನ್ನೊಮ್ಮೆ ಕೊಲ್ಲೋಕೆ ಆಗೋದಿಲ್ಲ. ಮೇಣ ಅಳಿಯೋಕೆ ಮುಂಚೆ ತೊಗಲ ಮೇಲೆ ಬಂದ ಹೆಸರು ಉಳೀತದೆ. ಒಂದು ಹೆಸರಿಗೆ ಒಂದೇ ಸಲ ಅವಕಾಶ, ಅಳಿದ ಮೇಲೆ ಬರೆದರೆ ಬರೋದಿಲ್ಲ.”

ಜವುಗಿನ ಕಡೆಯಿಂದ ಸದ್ದು ಶುರುವಾಯಿತು. ಅದು ಕಿವಿಗೆ ಕೇಳಿಸುವುದಕ್ಕೆ ಮೊದಲು ಹಲ್ಲಿನ ಬೇರಿಗೆ ತಾಗಿತು. ದಿಬ್ಬದ ನೆತ್ತಿಯಿಂದ ಹೊಗೆಯಂಥದ್ದೊಂದು ಎದ್ದಿತು. ಹೊಗೆ ಗಾಳಿಯ ಜೊತೆ ಹೋಗುತ್ತದೆ. ಇದು ಗಾಳಿಗೆ ಎದುರಾಗಿ ಬರುತ್ತಿತ್ತು.

ಎಲ್ಲರೂ ಚರ್ಚಿನೊಳಗೆ ನುಗ್ಗಿ ಬಾಗಿಲು ಹಾಕಿದರು. ಹಲಗೆಗಳನ್ನು ಮಡಿಸಿ ಮುಚ್ಚಿಬಿಡಲೇ ಎಂದು ತುರೊಲ್ಡ್ ಒಂದು ಗಳಿಗೆ ಯೋಚಿಸಿದ. ಮರುಗಳಿಗೆ ಕೈ ಹಿಂದಕ್ಕೆಳೆದುಕೊಂಡ. ಮೆತ್ತಗಿನ ಮೇಣ ಒಂದಕ್ಕೊಂದು ಅಂಟಿದರೆ ಎಲ್ಲ ಹೆಸರೂ ಒಟ್ಟಿಗೇ ಹೋಗುತ್ತಿತ್ತು.

ಹುಲ್ಲಿನ ಮಾಡು ಉರಿಯುವಂತೆ ಚಿಟಿಚಿಟಿ ಎಂದಿತು. ಮೊದಲ ಹುಳುಗಳು ಒಳಗೆ ಉದುರಿದವು. ಕಪ್ಪಗೆ, ಕೂದಲಿಲ್ಲದೆ, ಒದ್ದೆ ಮಣ್ಣಿನ ವಾಸನೆಯ ಹುಳುಗಳು. ಅವು ಯಾರನ್ನೂ ಕಚ್ಚಲಿಲ್ಲ. ನೇರ ಮೇಣದ ಕಡೆಗೆ ಹರಿದವು.

“ಎತ್ತಿನ ಹಲಗೆ ಹೊರಗೆ ಎಸೀರಿ,” ಎಂದ ಸಿಗಾರ್. “ಅದನ್ನ ತಿನ್ನೋವಷ್ಟು ಹೊತ್ತಾದರೂ ಸಿಗಲಿ.”

ಅವನು ಹೇಳಿದ್ದು ಸ್ಪ್ರೋಟನಿಗೆ ಭಾಷೆ ತಿಳಿಯದಿದ್ದರೂ ತಿಳಿಯಿತು. ಅವನು ಗೋಡೆಗೆ ಮುಖ ಹಾಕಿದ. ತುರೊಲ್ಡ್ ಕೀಲು ಕಿತ್ತು, ಸೊತ್ತಿನ ಹಲಗೆಯನ್ನು ಕಿಟಕಿಯಿಂದ ಹೊರಗೆಸೆದ. ಸದ್ದು ಅದರ ಹಿಂದೆ ಹೊರಕ್ಕೆ ಹೊರಳಿತು. ಹೊಲದಲ್ಲಿ ಎತ್ತುಗಳು ಕೂಗತೊಡಗಿದವು. ಒಂದು ಕೂಗು ನಿಂತಿತು. ಇನ್ನೊಂದು ನಿಂತಿತು. ಹದಿನಾಲ್ಕೂ ನಿಲ್ಲುವವರೆಗೆ ಅವರಿಗೆ ಸಮಯವಿತ್ತು.

ತುರೊಲ್ಡ್ ಹಾಳೆ ಬಿಡಿಸಿದ. ಲೇಖನಿ ಅದ್ದಿದ. ಅಭ್ಯಾಸಬಲದಿಂದ ಮೇಲಿನ ಸಾಲಿನಿಂದಲೇ ಶುರು ಮಾಡಿದ. ಸ್ಪ್ರೋಟ್. ಎರಡನೆಯವನು. ಮೂರನೆಯವನು. ಹೊರಗೆ ಕೊನೆಯ ಎತ್ತು ಸುಮ್ಮನಾಯಿತು. ಸಿಗಾರ್ ಮುದುಕಿಯ ಕೈಯಿಂದ ಹೊಗೆಯ ಗಡಿಗೆ ಕಸಿದು, ಹಲಗೆಯ ಮೇಲೆ ಬಾಗಿ ನಿಂತು, ಊದಿದ. ಬರಿಗೈಯಿಂದ ಹುಳುಗಳನ್ನು ಬಾಚಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

“ಬರೀರಿ ಭಾವ. ನೋಡಬೇಡಿ. ಬರೀರಿ.”

ನಾಲ್ಕು. ಐದು. ಊರವರ ಹೆಸರು ಮುಗಿಯಿತು. ಇನ್ನು ಎರಡು ಸಾಲು. ದುಭಾಷಿ ಸಿಗಾರ್. ಬರೆದವನು ತುರೊಲ್ಡ್.

ಒಂದೇ ಒಂದು ಹುಳು ಹೊಗೆಯ ಅಡಿಯಿಂದ ನುಸುಳಿತು. ಕೆಳಗಿನ ಅಂಚಿಗೆ ಕೂತಿತು. ಅವನ ಹೆಸರಿನ ಮೊದಲ ಅಕ್ಷರವನ್ನು ಕಚ್ಚಿತು.

ಬಲಗೈಯ ಹೆಬ್ಬೆರಳು ಹಗುರಾಯಿತು. ನೋವಿರಲಿಲ್ಲ. ಒಳಗಿನಿಂದ ಯಾರೋ ಚಮಚದಿಂದ ತೋಡಿದಂತೆ. ಚರ್ಮ ಇತ್ತು, ಉಗುರು ಇತ್ತು, ಒಳಗೆ ಏನೂ ಇರಲಿಲ್ಲ. ಆ ಖಾಲಿತನ ತೋರುಬೆರಳಿನ ಬುಡಕ್ಕೆ ಹರಿಯಿತು.

ತುರೊಲ್ಡ್ ಒಂದು ಸಾಲು ಬಿಟ್ಟ. ಕೆಳಗೆ ಹೋದ. ಬೆರಳಲ್ಲಿ ಉಳಿದಿದ್ದ ಹಿಡಿತದಿಂದ ತನ್ನ ಹೆಸರು ಬರೆದ.

ಖಾಲಿತನ ಅಲ್ಲಿಗೇ ನಿಂತಿತು.

“ನನ್ನದಾಯ್ತಾ?” ಹೊಗೆಯಲ್ಲಿ ಸಿಗಾರನ ಮುಖ ಕಾಣಲಿಲ್ಲ. ಬರಿ ಕೆಮ್ಮು. “ಭಾವ? ಇನ್ನು ಉಸಿರು ಹಿಡಿಯೋಕೆ ಆಗಲ್ಲ. ನನ್ನದಾಯ್ತಾ?”

ಬರೆದೇ ಬಿಡುತ್ತೇನೆ ಎಂದುಕೊಂಡಿದ್ದ ತುರೊಲ್ಡ್. ಅವನ ಲಿಪಿಯಲ್ಲಿ ಐದೇ ಅಕ್ಷರ. ನಿನ್ನ ಹೆಸರಿಗಿಂತ ಮುಂಚೆ ನನ್ನದನ್ನು ಬರೆದುಕೊಂಡೆ ಎಂದು ಹೇಳಲು ಅವನ ನಾಲಿಗೆ ಏಳಲಿಲ್ಲ.

“ಆಯ್ತು,” ಎಂದ.

ಸಿಗಾರ್ ನಿಟ್ಟುಸಿರು ಬಿಟ್ಟು ಗಡಿಗೆ ಕೆಳಗಿಟ್ಟ.

ಹೊಗೆ ಚದುರಿತು. ಹುಳುಗಳು ಮುತ್ತಿ ಕಪ್ಪು ಹಲಗೆ ಇನ್ನೂ ಕಪ್ಪಾಯಿತು. ತುರೊಲ್ಡ್ ಲೇಖನಿ ಒತ್ತಿದ. ಸತ್ತ ಹೆಬ್ಬೆರಳಿಗೆ ಅದು ನಿಲ್ಲಲಿಲ್ಲ. ಜಾರಿತು. ಮುಷ್ಟಿಯಲ್ಲಿ ಹಿಡಿದ. ಒಂದು ಅಕ್ಷರ ಬಂತು. ಅರ್ಧ ಅಕ್ಷರ ಬಂತು. ಸದ್ದು ತಟ್ಟನೆ ನಿಂತಿತು.

ಹಲಗೆಯ ಮೇಲೆ ಬರಿ ಮರ ಉಳಿದಿತ್ತು. ಒಂದು ಹುಳುವೂ ಇರಲಿಲ್ಲ. ಬಾಗಿಲ ಸಂದಿಯಿಂದ ಬಂದ ಗಾಳಿಗೆ ಸಿಗಾರ್ ಕಂಬಕ್ಕೆ ಒರಗಿದಂತೆ ನಿಂತಿದ್ದವನು ಮೆಲ್ಲಗೆ ತಿರುಗಿದ. ಮುಖದಲ್ಲಿ ಬದುಕಿದೆ ಎಂಬ ಸಮಾಧಾನ ಇನ್ನೂ ಇತ್ತು. ಆಲ್ವಿವಾ ಹೋಗಿ, ಅವನು ನೆಲಕ್ಕೆ ಬೀಳದಂತೆ ಎರಡು ಬೆರಳಿನಿಂದ ತಡೆದು ಹಿಡಿದಳು.

ಅವಳು ತುರೊಲ್ಡನ ಕಡೆ ತಿರುಗಿ ಏನೋ ಹೇಳಿದಳು. ಅದನ್ನು ಅವನ ಭಾಷೆಗೆ ತರುವವರು ಅಲ್ಲಿ ಯಾರೂ ಇರಲಿಲ್ಲ.

ಮೂರು ವಾರದ ಮೇಲೆ, ನಾಡಿನ ಲೆಕ್ಕ ಪರಿಶೀಲಿಸಲು ಬಂದ ಬಿಷಪ್ಪರ ಮುಂದೆ ಥಾರ್ನ್‌ಮೆರ್ ಹಾಳೆ ಬಂತು. ‘ಎತ್ತು: ಆಗ ಹದಿನಾರು. ಈಗ ಇಲ್ಲ.’ ಬಿಷಪ್ಪರು ಅದನ್ನು ದಾಟಿ, ಕೆಳಗೆ ಬೆರಳಿಟ್ಟರು.

“ಇಲ್ಲೊಂದು ಹೆಸರು ಅರ್ಧಕ್ಕೆ ನಿಂತಿದೆಯಲ್ಲ?”

ತುರೊಲ್ಡ್ ಬಲಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. ಸಿಗಾರ್ ಜವುಗಿನ ಜ್ವರದಿಂದ ಸತ್ತ ಎಂದು ಹೆಂಡತಿಗೆ ಹೇಳಿದ್ದ. ಸಾಯುವಾಗ ಏನಾದರೂ ಕೇಳಿದನೇ ಎಂದು ಅವಳು ದಿನಾ ಕೇಳುತ್ತಿದ್ದಳು.

“ನಿನಗೆ ಇಂಗ್ಲಿಷರ ಮಾತು ಬರುತ್ತದೆಯೋ?”

“ಇಲ್ಲ, ಪ್ರಭು.”

“ಮತ್ತೆ ಈ ಉತ್ತರಗಳನ್ನೆಲ್ಲ ನಿನಗೆ ಹೇಳಿದವರು ಯಾರು?”

ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಹಾಳೆಯಲ್ಲಿ ಅದೇಕೆ ಅರ್ಧವಾಯಿತೆಂಬ ಪ್ರಶ್ನೆ ಬರುತ್ತದೆ. ಅದರ ಕೆಳಗಿನ ಹೆಸರು ಹೇಗೆ ಪೂರ್ತಿಯಾಯಿತೆಂಬ ಪ್ರಶ್ನೆಯೂ ಬರುತ್ತದೆ.

“ಯಾರೂ ಇಲ್ಲ,” ಎಂದ ತುರೊಲ್ಡ್.

ಬಿಷಪ್ಪರು ಸಣ್ಣ ಚಾಕು ತೆಗೆದು, ಆ ಒಂದೂವರೆ ಅಕ್ಷರವನ್ನು ತೊಗಲಿನಿಂದ ಹೆರೆದು ಹಾಕಿದರು.