ಕಿವಿರಾಣಿಯೂ ಸದ್ದಿಲ್ಲದ ವ್ಯಾನೂ

ಪಕ್ಕದೂರಿನಲ್ಲಿ ಇರುವೆಯೊಂದು ಕೆಮ್ಮಿದರೂ ಕಿವಿರಾಣಿಗೆ ಇಲ್ಲಿ ಕೇಳಿಸುತ್ತಿತ್ತು. ಬರೀ ಕೇಳಿಸುವುದಲ್ಲ, ಅದು ಒಣಕೆಮ್ಮೋ ಕಫದ ಕೆಮ್ಮೋ ಎಂಬುದನ್ನೂ ಹೇಳಿಬಿಡುತ್ತಿದ್ದಳು. ಅಂಥ ಕಿವಿ ಈಗ ನೆಟ್ಟಗಾಯಿತು.

“ಅಜ್ಜಿ, ವ್ಯಾನು,” ಎಂದಳು.

ಅಷ್ಟೇ. ರಿಮೋಟ್ ಒತ್ತಿದಳು, ಟೀವಿ ಆರಿತು. ದಿಂಬಿನ ಕೆಳಗಿದ್ದ ಗಣಿತದ ಪುಸ್ತಕ ತೊಡೆಯ ಮೇಲೆ ಬಂತು. ಪೆನ್ಸಿಲು ಬಾಯಿಗೆ ಹೋಯಿತು. ಹಣೆಯ ಮೇಲೆ ದೊಡ್ಡ ವಿಜ್ಞಾನಿಯಂತೆ ನೆರಿಗೆ ಮೂಡಿತು. ಪಕ್ಕದಲ್ಲಿದ್ದ ಅಜ್ಜಿ ಆಗಲೇ ಕಣ್ಣು ಮುಚ್ಚಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಇಷ್ಟಕ್ಕೆಲ್ಲ ಹಿಡಿದದ್ದು ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ಅರ್ಧ ರೆಪ್ಪೆ.

ಬೀದಿಯ ತಿರುವಿನಲ್ಲಿ ವ್ಯಾನು ಗುಡುಗುಡು ಗುರ್ ಗುರ್ ಎಂದು ಅಬ್ಬರಿಸಿ, ಆಮೇಲೆ ನಿಧಾನವಾಗಿ ಮನೆಯ ಮುಂದೆ ಬಂದು ನಿಂತಿತು.

ಅಪ್ಪ ಒಳಗೆ ಬಂದ. ದಿನಾ ಮಾಡುವಂತೆ ಟೀವಿಯ ಬೆನ್ನಿನ ಮೇಲೆ ಅಂಗೈ ಇಟ್ಟ.

“ಇವತ್ತು ಸೆಕೆ ಜಾಸ್ತಿ,” ಎಂದು ಯಾರಿಗೂ ಅಲ್ಲದಂತೆ ಹೇಳಿದ. ಮಗಳ ತೊಡೆಯ ಮೇಲೆ ತಲೆಕೆಳಗಾಗಿದ್ದ ಪುಸ್ತಕವನ್ನು ಎತ್ತಿ, ನೆಟ್ಟಗೆ ಮಾಡಿ ಇಟ್ಟು, ಕೈಮುಖ ತೊಳೆಯಲು ಹೋದ.

“ಪಾಪ, ಅಪ್ಪಂಗೆ ಏನೂ ಗೊತ್ತಾಗಲ್ಲ,” ಎಂದು ಕಿವಿರಾಣಿ ಅಜ್ಜಿಯ ಕಿವಿ ಕಚ್ಚಿದಳು. ಅಜ್ಜಿಗೆ ಕಿವಿ ಮಂದ. “ಯಾರಿಗೆ ಜ್ವರ?” ಎಂದಳು.

ಕಿವಿರಾಣಿ ಎಂಬ ಹೆಸರನ್ನು ಹುಡುಗಿ ತಾನೇ ಇಟ್ಟುಕೊಂಡಿದ್ದಳು. ಬೇರೆ ಯಾರೂ ಇಡದಿದ್ದರೆ ಪಾಪ ಅವಳಾದರೂ ಏನು ಮಾಡಬೇಕು? ಹೋಮ್‌ವರ್ಕ್ ಮುಗಿಯುವ ತನಕ ಟೀವಿ ಹಾಕಬಾರದು ಎಂಬುದು ಅಮ್ಮನ ಕಾನೂನು. ಅಮ್ಮ ಹೊಲಿಗೆ ಅಂಗಡಿಯಿಂದ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅದಕ್ಕೇ ಕಾನೂನು ಕಾಯುವ ಕೆಲಸ ಅಪ್ಪನದು. ಆದರೆ ಅಂಥ ಕಿವಿಯ ಮುಂದೆ ಅಪ್ಪನ ಆಟ ಎಲ್ಲಿ ನಡೆಯುತ್ತದೆ?

ಅಪ್ಪ ಒಂದು ಲಾಂಡ್ರಿ ಕಂಪನಿಯ ಡ್ರೈವರ್. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಕೊಳೆಯಾದ ಬೆಡ್‌ಶೀಟು, ಟವೆಲುಗಳನ್ನು ತರುವುದು, ಒಗೆದು ಇಸ್ತ್ರಿಯಾದ ಮೇಲೆ ಮರಳಿ ಕೊಡುವುದು ಅವನ ಕೆಲಸ. ಆ ಕಂಪನಿಯಲ್ಲಿ ಒಂದು ದಿನ ಒಗೆಯುವ ಬೆಡ್‌ಶೀಟುಗಳನ್ನೆಲ್ಲ ಸೇರಿಸಿದರೆ ಚಂದ್ರನಿಗೆ ಒಂದು ಲಂಗ ಹೊಲಿಸಬಹುದಿತ್ತು, ಮೇಲೆ ಎರಡು ಜೇಬನ್ನೂ ಇಡಿಸಬಹುದಿತ್ತು. ಅಲ್ಲಿನ ಬಾಯ್ಲರಿನ ಹೊಗೆ ಎಷ್ಟು ಕಪ್ಪೆಂದರೆ, ಅದರೊಳಗೆ ಹೊಕ್ಕ ಕಾಗೆಗಳು ಒಂದಕ್ಕೊಂದು ಕಾಣದೆ ಡಿಕ್ಕಿ ಹೊಡೆದುಕೊಂಡು “ಸಾರಿ” ಎನ್ನುತ್ತಿದ್ದವು.

ಅಪ್ಪನ ವ್ಯಾನಂತೂ ಹಳೇ ಮುದುಕ. ಅದರ ಸೀಟು ದಿನವಿಡೀ ಕುಲುಕಿ ಕುಲುಕಿ ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಸಂಜೆ ಅವನಿಗೆ ಬಗ್ಗಿ ಶೂ ಬಿಚ್ಚಲೂ ಆಗುತ್ತಿರಲಿಲ್ಲ. ಲೇಸು ಸಡಿಲಿಸಿ ಶೂ ಎಳೆಯುವುದು ಕಿವಿರಾಣಿಯ ಕೆಲಸವಾಗಿತ್ತು. ಆಗ ಅಪ್ಪ ಕಣ್ಣು ಮುಚ್ಚಿ ಉಸ್ಸೆನ್ನುತ್ತಿದ್ದ.

ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಖ ಬಲ್ಬಿನಂತೆ ಹೊಳೆಯುತ್ತಿತ್ತು. ಕಂಪನಿಗೆ ಹೊಸ ಮ್ಯಾನೇಜರ್ ಮೇಡಂ ಬಂದಿದ್ದಾರಂತೆ. ಊರಿನ ಹೊಗೆಯ ಮಾತು ಆಮೇಲೆ, ಮೊದಲು ನಮ್ಮ ಕಂಪನಿಯಿಂದ ಹೋಗುವ ಕಾರ್ಬನ್ನನ್ನು ನಾವು ಕಡಿಮೆ ಮಾಡೋಣ ಎಂದರಂತೆ. ಬಾಯ್ಲರಿನ ಬಿಸಿ ಪೈಪುಗಳಿಗೆಲ್ಲ ಸ್ವೆಟರ್ ಹಾಕಿದಂತೆ ದಪ್ಪ ಹೊದಿಕೆ ಸುತ್ತಿಸಿದರಂತೆ. ಅರ್ಧ ತುಂಬಿದ ಮೆಷಿನ್ ಓಡಿಸಬಾರದಂತೆ. ಬಿಸಿಲಿದ್ದರೆ ಬೆಡ್‌ಶೀಟುಗಳನ್ನು ಡ್ರೈಯರಿಗೆ ಹಾಕದೆ ತಾರಸಿಯ ಮೇಲೇ ಒಣಗಿಸಬೇಕಂತೆ. ಇನ್ನು ಉಳಿದದ್ದು ವ್ಯಾನುಗಳ ಡೀಸೆಲ್.

“ಈ ವರ್ಷ ಒಂದೇ ಒಂದು ಬ್ಯಾಟರಿ ವ್ಯಾನು ತರಿಸ್ತಾರಂತೆ,” ಎಂದ ಅಪ್ಪ. “ಯಾರು ಡೀಸೆಲ್ ದಂಡ ಮಾಡಲ್ವೋ ಆ ಡ್ರೈವರಿಗೆ ಅದು. ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ದಿನ ಮೇಡಮ್ಮೇ ಕೂತು ನೋಡ್ತಾರೆ. ಸೀಟು ಸೋಫಾ ಥರ ಇದೆ. ಕುಲುಕಾಟ ಇಲ್ಲ, ಸದ್ದಿಲ್ಲ.”

“ನಿಮ್ಮ ಸೊಂಟಕ್ಕೆ ಅದೇ ಸರಿಯಾದ ಮದ್ದು,” ಎಂದಳು ಅಮ್ಮ.

ಕಿವಿರಾಣಿಯ ಕೈ ತಟ್ಟೆಯಲ್ಲೇ ನಿಂತಿತು. “ಸದ್ದೇ ಇಲ್ವಾ? ಸ್ವಲ್ಪಾನೂ?”

“ಬೆಕ್ಕು ಬಂದ ಹಾಗೆ.”

ಅವಳು ಒಳಗೊಳಗೇ ಲೆಕ್ಕ ಹಾಕಿದಳು. ಬೆಕ್ಕಿನ ಹಾಗೆ ಬಂದರೆ ಟೀವಿ ಆರಿಸುವುದು ಯಾವಾಗ, ಪುಸ್ತಕ ತೆಗೆಯುವುದು ಯಾವಾಗ, ಅಜ್ಜಿ ಗೊರಕೆ ಹೊಡೆಯುವುದು ಯಾವಾಗ?

“ಬ್ಯಾಟರಿ ವ್ಯಾನು ಮಳೇಲಿ ಶಾಕ್ ಹೊಡೆಯುತ್ತಂತೆ ಅಪ್ಪ.”

“ಯಾರು ಹೇಳಿದ್ದು?”

“ಕ್ಲಾಸಲ್ಲಿ ಎಲ್ರೂ.”

“ಎಲ್ರೂ ಅಂದ್ರೆ ನೀನೊಬ್ಳೇನಾ?” ಎಂದು ಅಪ್ಪ ನಕ್ಕ. ಕಿವಿರಾಣಿ ನಗಲಿಲ್ಲ. ಆ ವ್ಯಾನು ಬೇರೆ ಯಾರಿಗಾದರೂ ಸಿಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಶೂ ಎಳೆಯಲು ತಾನಿದ್ದೇನಲ್ಲ.

ಕೆಲವು ದಿನ ಕಳೆದವು. ಒಂದು ಸಂಜೆ ಕಾರ್ಟೂನು ಸರಿಯಾದ ಜಾಗಕ್ಕೆ ಬಂದಾಗಲೇ ರಿಮೋಟು ಕೈಕೊಟ್ಟಿತು. ಅಜ್ಜಿ ಚಿಲ್ಲರೆ ಕೊಟ್ಟಳು. ಸೆಲ್ ತರಲು ಕಿವಿರಾಣಿ ತಿರುವಿನಲ್ಲಿದ್ದ ಅಂಗಡಿಗೆ ರಾಕೆಟ್ಟಿನಂತೆ ಓಡಿದಳು. ಅವಳು ಹೋದ ರಭಸಕ್ಕೆ ಬೀದಿಯ ಮನೆಗಳೆಲ್ಲ ಒಂದಡಿ ಪಕ್ಕಕ್ಕೆ ಸರಿದು ನಿಂತವು.

ಅಂಗಡಿಯವನು ಸೆಲ್ ಹುಡುಕುತ್ತಿದ್ದಾಗ ಹೊರಗೆ ಅಪ್ಪನ ವ್ಯಾನು ಬಂದು ನಿಂತಿತು. ಕಿವಿರಾಣಿ ತಟ್ಟನೆ ತೂಗುಹಾಕಿದ್ದ ಬಿಸ್ಕತ್ತು ಪ್ಯಾಕೆಟ್ಟುಗಳ ಹಿಂದೆ ಸರಿದಳು. ಅಪ್ಪನ ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಅವರೇ ಮ್ಯಾನೇಜರ್ ಮೇಡಂ ಇರಬೇಕು.

ಅಪ್ಪ ಮನೆಯ ಕಡೆ ನೋಡಿದ. ಮೇಡಂ ಕಡೆ ನೋಡಿದ. ಇನ್ನೊಮ್ಮೆ ಮನೆಯ ಕಡೆ ನೋಡಿದ. ಆಮೇಲೆ ನಿಂತಲ್ಲೇ ಆಕ್ಸಿಲರೇಟರ್ ತುಳಿದ. ಗುರ್ ಗುರ್, ಗುಡುಗುಡು. ವ್ಯಾನಿನ ಹಿಂದಿನಿಂದ ಕಪ್ಪು ಹೊಗೆ ಎದ್ದಿತು.

“ಮೊದಲು ಆಫ್ ಮಾಡಿ,” ಎಂದರು ಮೇಡಂ.

ಇಂಜಿನ್ ನಿಂತಿತು. ಬೀದಿ ಎಷ್ಟು ನಿಶ್ಶಬ್ದವಾಯಿತೆಂದರೆ ಅವರ ಮಾತು ಕೇಳಲು ರಾಣಿಯ ಕಿವಿಯೇ ಬೇಕಿರಲಿಲ್ಲ.

“ಬೆಳಗಿಂದ ಎಲ್ಲಿ ನಿಂತ್ರೂ ಇಂಜಿನ್ ಆಫ್ ಮಾಡಿದ್ರಿ. ಒಂದು ಹನಿ ದಂಡ ಮಾಡಿಲ್ಲ. ಇಲ್ಲಿ ನಿಂತು ಇದೇನು ಮಾಡ್ತಿದ್ದೀರಿ?”

“ಇಂಜಿನ್ ಒಂಚೂರು ಕ್ಲೀನ್ ಆಗ್ಲಿ ಅಂತ ಮೇಡಂ.”

“ನನ್ನ ಕಿವಿಗೆ ಹೂ ಇಡಬೇಡಿ.”

ಅಪ್ಪ ಸ್ಟೀರಿಂಗನ್ನು ಉಗುರಿನಿಂದ ಕೆರೆದ. “ಮನೇಲಿ ಮಗಳಿದ್ದಾಳೆ. ಹೋಮ್‌ವರ್ಕ್ ಬಿಟ್ಟು ಟೀವಿ ನೋಡ್ತಿರ್ತಾಳೆ. ಈ ಸದ್ದು ಕೇಳಿದ್ರೆ ಆರಿಸಿ ಪುಸ್ತಕ ಹಿಡ್ಕೋತಾಳೆ. ಅದಕ್ಕೆ ಒಂಚೂರು ಟೈಮ್ ಕೊಡ್ತೀನಿ.”

“ನೀವೇ ಹಿಡೀಬಹುದಲ್ಲ?”

“ಹಿಡಿದ್ರೆ ಬೈಬೇಕಾಗುತ್ತೆ ಮೇಡಂ. ಕತ್ತಲಿರೋವಾಗ್ಲೇ ಮನೆ ಬಿಡ್ತೀನಿ, ಆಗ ಅವಳು ಮಲಗಿರ್ತಾಳೆ. ಸಂಜೆ ಹೋಗಿ ಅವಳ ಹತ್ರ ಆಡೋ ಮೊದಲನೇ ಮಾತೇ ಬೈಗುಳ ಆಗೋದು ಬೇಡ ಅಂತ.”

ಮೇಡಂ ಕನ್ನಡಕ ತೆಗೆದು ಒರೆಸಿದರು. “ಹೊಗೆಗೆ ನಿಮ್ಮ ಮಗಳ ಪರಿಚಯ ಇಲ್ಲ. ಇದೂ ಕಂಪನಿ ಲೆಕ್ಕಕ್ಕೇ ಬರುತ್ತೆ. ದಿನಾ ಹೀಗೆ ಸುಡ್ತಿದ್ರೆ ಹೊಸ ವ್ಯಾನು ನಿಮಗೇ ಅಂತ ನಾನು ಹೇಗೆ ಹೇಳ್ಲಿ?”

“ಹಾಗಾದ್ರೆ ಬೇರೆಯವರಿಗೆ ಕೊಡಿ ಮೇಡಂ. ನನ್ನ ಸೊಂಟಕ್ಕೆ ಇದು ಅಭ್ಯಾಸ ಆಗ್ಬಿಟ್ಟಿದೆ.”

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ತಿಂಗಳ ಕೊನೆಗೆ ಇನ್ನೊಂದು ಸಲ ಬಂದು ಕೂರುವುದಾಗಿಯೂ, ಆಗಲೂ ಇದೇ ಮಾತಾಗಿದ್ದರೆ ನೋಡೋಣವೆಂದೂ ಹೇಳಿ, ಇಳಿದು ಬಸ್ ಸ್ಟಾಪಿನ ಕಡೆ ನಡೆದರು. ವ್ಯಾನು ಮೆಲ್ಲಗೆ ಮನೆಯತ್ತ ಹೋಯಿತು.

“ಸೆಲ್ ಬೇಕೋ ಬೇಡ್ವೋ?” ಎಂದು ಅಂಗಡಿಯವನು ಕೇಳುತ್ತಲೇ ಇದ್ದ.

ರಾಕೆಟ್ಟಿನಂತೆ ಬಂದವಳು ಬಸವನಹುಳುವಿನಂತೆ ಮನೆ ಸೇರಿದಳು. ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.

“ಎಲ್ಲಿಗೆ ಹೋಗಿದ್ದೆ?”

“ಸೆಲ್ ತರೋಕೆ.”

“ಯಾವುದಕ್ಕೆ?”

ಗೋಡೆಯ ಗಡಿಯಾರಕ್ಕೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. “ರಿಮೋಟಿಗೆ,” ಎಂದಳು.

ಅಪ್ಪ ಅವಳನ್ನೇ ನೋಡಿದ. “ಸರಿ,” ಎಂದ. ಅವಳು ಕೆಳಗೆ ಕೂತು ಅವನ ಲೇಸು ಬಿಚ್ಚತೊಡಗಿದಳು. ಎಂದಿಗಿಂತ ಮೆಲ್ಲಗೆ ಶೂ ಎಳೆದಳು.

ಮರುದಿನ ಸಂಜೆ ಅಪ್ಪನ ವ್ಯಾನು ತಿರುವಿಗೆ ಬಂದಾಗ, ಅಂಗಡಿಯ ಪಕ್ಕದ ಮೋಟು ಗೋಡೆಯ ಮೇಲೆ ಗಣಿತದ ಪುಸ್ತಕ ಹಿಡಿದುಕೊಂಡು ಒಬ್ಬಳು ಕೂತಿದ್ದಳು. ಅಪ್ಪನ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು. ಅವಳು ಟ್ರಾಫಿಕ್ ಪೊಲೀಸಿನಂತೆ ಅಂಗೈ ತೋರಿಸಿದಳು. ಆಮೇಲೆ ಕೀಲಿ ತಿರುಗಿಸುವಂತೆ ಬೆರಳು ತಿರುಗಿಸಿದಳು.

ಇಂಜಿನ್ ನಿಂತಿತು.

“ಇಲ್ಲೇನು ಮಾಡ್ತಿದ್ದೀಯ?”

“ಓದ್ತಿದ್ದೀನಿ.”

ಅಪ್ಪ ಕತ್ತು ಹೊರಗೆ ಹಾಕಿ ನೋಡಿದ. ಪುಸ್ತಕ ನೆಟ್ಟಗಿತ್ತು.

“ಯಾವತ್ತಿಂದ?”

“ನಿನ್ನೆಯಿಂದ,” ಎಂದು ಅವಳು ಬಾಗಿಲು ತೆಗೆದು ಅಪ್ಪನ ಪಕ್ಕ ಹತ್ತಿ ಕೂತಳು. ನಿನ್ನೆ ಮೇಡಂ ಕೂತಿದ್ದ ಜಾಗ ಅದು. ಅಪ್ಪನಿಗೆ ಎಲ್ಲ ಅರ್ಥವಾಯಿತೋ ಏನೋ, ವ್ಯಾನು ಸ್ಟಾರ್ಟ್ ಮಾಡಿದ. ಮನೆಯವರೆಗಿನ ಆ ಚೂರು ದಾರಿಯನ್ನು ಸೀಟು ಅವರಿಬ್ಬರನ್ನೂ ಕುಲುಕಿಸಿಕೊಂಡೇ ದಾಟಿಸಿತು. ಅಷ್ಟಕ್ಕೇ ಕಿವಿರಾಣಿಯ ಹಲ್ಲುಗಳು ಕಟಕಟ ಎಂದವು. ದಿನವಿಡೀ ಹೇಗೆ ಕೂರುತ್ತಾನೆ ಎಂದು ಅವಳು ಅಪ್ಪನ ಸೊಂಟದ ಕಡೆ ನೋಡಿದಳು.

ತಿಂಗಳ ಕೊನೆಗೆ ಮೇಡಂ ಮತ್ತೆ ಬಂದು ಕೂತರು. ತಿರುವಿನ ಮೋಟು ಗೋಡೆಯ ಮೇಲೆ ಅಂಗೈ ತೋರಿಸುತ್ತಿದ್ದ ಪೊಲೀಸನ್ನು ನೋಡಿದರು. ಇಳಿದು, ಅವಳ ಕೆನ್ನೆ ಚಿವುಟಿ, ಬಸ್ ಸ್ಟಾಪಿಗೆ ನಡೆದರು.

ಹೊಸ ವ್ಯಾನು ಅಪ್ಪನಿಗೇ ಸಿಕ್ಕಿತು. ಅದು ಮೊದಲ ಸಲ ಬೀದಿಗೆ ಬಂದಾಗ ನಾಯಿ ಬೊಗಳಲಿಲ್ಲ, ಪಾರಿವಾಳ ಹಾರಲಿಲ್ಲ, ಗಾಳಿಗೂ ಗೊತ್ತಾಗಲಿಲ್ಲ. ಆದರೆ ಕಿವಿರಾಣಿಯ ಕಿವಿಯೆಂದರೆ ಸುಮ್ಮನೆಯೇ? ಎರಡು ಬಾಗಿಲು, ಒಂದು ಗೋಡೆಯ ಆಚೆ, ಟೈರಿನ ಕೆಳಗೆ ಒಣ ಎಲೆಯೊಂದು ಮಗ್ಗುಲು ಬದಲಿಸಿದ್ದು ಕೇಳಿಸಿ, ಓಡಿ ಬಂದು ಗೇಟು ತೆಗೆದಳು.

ಸದ್ದೇ ಇಲ್ಲದ ವ್ಯಾನು ಅವಳಿಗೆ ಹೇಗೆ ಕೇಳಿಸಿತು ಎನ್ನುತ್ತೀರಾ? ಸರಿ, ಸಿಕ್ಕಿಬಿದ್ದೆ.

ಅವಳಿಗೆ ಏನೂ ಕೇಳಿಸಲಿಲ್ಲ. ಇರುವೆ ಕೆಮ್ಮಿದ್ದೂ ಯಾವತ್ತೂ ಕೇಳಿಸಿರಲಿಲ್ಲ. ಅವಳದು ನಿಮ್ಮದರಂಥ, ನನ್ನದರಂಥ ಕಿವಿಯೇ. ಹಳೇ ವ್ಯಾನಿನ ಅಬ್ಬರ ಇಡೀ ಬೀದಿಗೇ ಕೇಳಿಸುತ್ತಿತ್ತು. ಕಿವಿ ಮಂದವಾದ ಅಜ್ಜಿಗೂ ಕೇಳಿಸಿ, ಮೊಮ್ಮಗಳು ಹೇಳುವ ಮೊದಲೇ ಗೊರಕೆ ಶುರುವಾಗುತ್ತಿತ್ತು. ಕೇಳಲಿ ಎಂದೇ ಮಾಡಿದ ಸದ್ದಲ್ಲವೇ ಅದು?

ಆ ಸಂಜೆ ಅವಳು ಗೇಟಿನ ಮೇಲೆ ಗಲ್ಲ ಊರಿ, ತಿರುವಿನ ಕಡೆಗೇ ನೋಡುತ್ತಾ, ಬಹಳ ಹೊತ್ತಿನಿಂದ ಕಾಯುತ್ತಿದ್ದಳು.

ಅಪ್ಪ ಒಳಗೆ ಬಂದ. ಟೀವಿಯ ಬೆನ್ನಿನ ಮೇಲೆ ಅಂಗೈ ಇಟ್ಟ. ಟೀವಿ ಐಸಿನಂತೆ ತಣ್ಣಗಿತ್ತು.

ಅದೂ ಸುಳ್ಳು. ಸ್ವಲ್ಪ ಬೆಚ್ಚಗಿತ್ತು.

“ಇವತ್ತು ಸೆಕೆ ಸ್ವಲ್ಪಾನೇ ಅಪ್ಪ,” ಎಂದು ಹೇಳಿ, ಕಿವಿರಾಣಿ ಲೇಸು ಬಿಚ್ಚಲು ಕೂತಳು.