ಚೀಟಿಯಲ್ಲಿದ್ದ ನರಸಪ್ಪ

“ಚೀಟಿ ಖರೇ ಅದ. ಆದ್ರ ಈ ನರಸಪ್ಪ ನೀನೇ ಅಂತ ನಾ ಹ್ಯಾಂಗ್ ನಂಬ್ಲಿ?”

“ನಾನೇ ಅಂತ ಮೂರು ಸಲ ಹೇಳ್ದೆ. ಕಿವಿ ಕೇಳ್ಸಂಗಿಲ್ಲೇನ್ರಿ ನಿಮಗ?”

“ಕಿವಿ ಕೇಳಿಸ್ತದ ತಮ್ಮಾ. ರೇಷನ್ ಕಾರ್ಡ್ ತೋರ್ಸು ಅಂತ ನಾನೂ ಮೂರು ಸಲ ಹೇಳೀನಿ. ಈ ತಾಲೂಕಿನಂವ ಅಂತ ಗುರ್ತು ಬೇಕಲ್ಲ?”

ಸೇಡಂನ ದವಾಖಾನೆಯ ಕಿಟಕಿಯೊಳಗೆ ಕಂಪೌಂಡರ್ ಶೌಕತ ಅಲಿ, ಹೊರಗೆ ಅಂಬುಬಾಯಿಯ ಅಪ್ಪ ದೇವೀಂದ್ರಪ್ಪ. ಇಬ್ಬರ ದನಿಯೂ ಏರಿತ್ತು. ಹಿಂದೆ ಸಾಲಿನಲ್ಲಿ ನಿಂತವರು ತಮ್ಮ ಬೇನೆ ಮರೆತು ಜಗಳ ನೋಡುತ್ತಿದ್ದರು.

ಅಂಬು ಅಪ್ಪನ ಮುಖ ನೋಡಿದಳು. ನರಸಪ್ಪ ಎಂಬ ಹೆಸರನ್ನು ಅವಳು ಕೇಳಿದ್ದು ಇದೇ ಮೊದಲು. ರೇಷನ್ ಕಾರ್ಡು ಅಪ್ಪನ ಅಂಗಿಯ ಜೇಬಿನಲ್ಲೇ ಇತ್ತು. ಅಪ್ಪ ಅದನ್ನು ತೆಗೆಯಲಿಲ್ಲ.

ಅಪ್ಪ ಗಡಿ ದಾಟಿ ಆಂಧ್ರದ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ. ಅಲ್ಲೇ ಕೆಮ್ಮು ಶುರುವಾಯಿತು. ಕಫದಲ್ಲಿ ರಕ್ತ ಬಂತು. ಟಿ.ಬಿ. ಎಂದರು. ಅಲ್ಲಿನ ದವಾಖಾನೆಯಲ್ಲಿ ನಾಲ್ಕು ತಿಂಗಳು ಸೂಜಿ, ಗುಳಿಗೆ ಆದವು. ಕೆಮ್ಮು ಕಡಿಮೆಯಾಯಿತು, ಆದರೆ ಇನ್ನೂ ಒಂದು ವರ್ಷ ಬಿಡದೆ ಗುಳಿಗೆ ನುಂಗಬೇಕಿತ್ತು. ಅಷ್ಟರಲ್ಲಿ ಗಣಿ ಬಂದ್ ಆಗಿ ಅಪ್ಪ ಊರಿಗೆ ಮರಳಬೇಕಾಯಿತು. ಮುಂದಿನ ಔಷಧ ನೀವು ಕೊಡಿ ಎಂದು ಸೇಡಂ ದವಾಖಾನೆಗೆ ಚೀಟಿ ಬರೆದು ಅಲ್ಲಿನ ಡಾಕ್ಟರು ಅಪ್ಪನನ್ನು ಕಳಿಸಿದ್ದರು.

ಶೌಕತ ಅಲಿ ಕಿಟಕಿಯಿಂದ ಬಗ್ಗಿ ಅಂಬುವನ್ನು ನೋಡಿದ.

“ನಿನ್ನ ಹೆಸರೇನವ್ವಾ? ಸಾಲಿಗಿ ಹೋಗ್ತೀಯೇನು?”

ಇನ್‌ಸ್ಪೆಕ್ಟರ್ ಶಾಲೆಗೆ ಬಂದಾಗ ಹೇಳುವ ಹಾಗೆ ಅಂಬು ಕೈಕಟ್ಟಿ ನಿಂತು ಹೇಳಿದಳು, “ಅಂಬುಬಾಯಿ, ತಂದೆ ದೇವೀಂದ್ರಪ್ಪ, ಐದನೇ ತರಗತಿ.”

ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. “ಈ ಹುಡ್ಗಿಗಿ ಅಪ್ಪಗೋಳು ಇಬ್ಬರು ನೋಡಪಾ.”

ಅಪ್ಪ ಅವನ ಕೊರಳಪಟ್ಟಿ ಹಿಡಿಯಲು ನುಗ್ಗಿದ. ನಡುವೆಯೇ ಕೆಮ್ಮು ಬಂತು. ಗೋಡೆ ಹಿಡಿದು ನಿಂತ.

ಶೌಕತ ಅಲಿ ಹೊರಗೆ ಬಂದ. ಅಪ್ಪನನ್ನು ಬೇವಿನ ಮರದ ಕಡೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

“ಹೆಸರು ಮುಚ್ಚಿಟ್ಟಿ. ಇರ್ಲಿ, ನೀನೇನು ಮೊದಲನೇದಂವ ಅಲ್ಲ. ಖರೇ ಹೆಸರು ಬರೆಸು. ಕಫ ನೋಡಿ ಗುಳಿಗಿದು ಹೊಸ ಕಾರ್ಡ್ ಮಾಡಿ ಕೊಡ್ತೀನಿ. ಆಮ್ಯಾಲ ನಮ್ಮ ಮನುಷ್ಯಾ ಒಬ್ಬ ನಿಮ್ಮ ಮನಿಗಿ ಬಂದು ಎಲ್ಲಾರನ್ನೂ ನೋಡ್ತಾನ, ಈ ಹುಡ್ಗಿನ್ನೂ. ನೀ ಗುಳಿಗಿ ತಪ್ಪಿಸಿದ್ರ ಕೇಳ್ಕೋತ ಮತ್ತ ಬರ್ತಾನ.”

“ನಮ್ಮ ಮನಿಗಿ ಯಾರೂ ಬರಬಾರ್ದು.”

“ಅದು ರೂಲ್.”

“ನಿಮ್ಮ ರೂಲ್ ನಿಮ್ಮ ಹಂತ್ಯಾಕೇ ಇಟ್ಕೋರಿ.”

ಅಪ್ಪ ಅಂಬುವಿನ ಕೈ ಹಿಡಿದು ಮನೆಗೆ ನಡೆದ. ಮನೆಯಲ್ಲಿ ಅವ್ವ ಮಾಣಿಕಮ್ಮ ಎಲ್ಲ ಕೇಳಿ ಸಿಡಿದಳು.

“ಹೆಸರು ಹೇಳಿದ್ರ ನಾಲಿಗಿ ಸವೀತಿತ್ತೇನು?”

“ನನ್ನ ತಂಗೀ ಲಗ್ನ ಮುರೀತಿತ್ತು. ಟೀಬಿ ಇದ್ದ ಮನಿ ಹೆಣ್ಣು ಯಾರು ತಗೋತಾರ? ದವಾಖಾನಿಯಂವ ಚೀಲ ಹಾಕ್ಕೊಂಡು ಬಾಗಿಲಿಗಿ ಬಂದ್ರ ಇಡೀ ಓಣಿಗಿ ತಿಳೀತದ. ಅದಕ್ಕೇ ತಾಂಡೂರಾಗೂ ಬ್ಯಾರೆ ಹೆಸರು ಬರೆಸಿದ್ದೆ.”

“ಭಾಳ ಶ್ಯಾಣ್ಯಾ ಇದ್ದಿ. ಹೆಸರು ಬದಲಿ ಮಾಡಿದ್ರ ಎದಿ ಬದಲಿ ಆಗ್ತದೇನು?”

ಅಪ್ಪನ ತಂಗಿ ಮರೆಮ್ಮ ಮೂಲೆಯಲ್ಲಿ ಲಗ್ನದ ಕುಪ್ಪಸ ಹೊಲಿಯುತ್ತಾ ಕುಳಿತಿದ್ದಳು. ಲಗ್ನಕ್ಕೆ ಒಂದೇ ತಿಂಗಳು ಉಳಿದಿತ್ತು. ಅವ್ವ ಅವಳ ಕಡೆ ತಿರುಗಿದಳು.

“ನೀನಾರ ಹೇಳ ಮರೆಮ್ಮಾ. ‘ಅಣ್ಣಾ, ಲಗ್ನ ಹೋದ್ರ ಹೋಗ್ಲಿ, ನೀ ಗುಳಿಗಿ ತಗೋ’ ಅಂತ ಒಂದ್ ಮಾತು ಅನ್ನು.”

ಅತ್ತೆಯ ಸೂಜಿ ನಿಂತಿತು. ಅಂಬು ಕಾದಳು. ಅಪ್ಪನೂ ಕಾಯುತ್ತಿದ್ದ.

ಅತ್ತೆ ತಲೆ ಎತ್ತಲಿಲ್ಲ. ಸೂಜಿ ಮತ್ತೆ ಬಟ್ಟೆಯೊಳಗೆ ಇಳಿಯಿತು.

ಅಪ್ಪ ಗೂಟದ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. “ತಾಂಡೂರಾಗ ನರಸಪ್ಪ ಅಂದ್ರ ಗುರ್ತು ಹಿಡೀತಾರ. ಅಲ್ಲೇ ಕೂಲಿ ಹುಡುಕಿ ಅಲ್ಲೇ ಗುಳಿಗಿ ತಿಂತೀನಿ. ಲಗ್ನಕ್ಕ ಬರ್ತೀನಿ.”

“ಹೋಗು, ಹೋಗು. ಯಾರರ ನಿನಗ ಹಿಡದಾರೇನು?” ಎಂದಳು ಅವ್ವ.

ಅಂಬು ಓಣಿಯ ತುದಿಯವರೆಗೆ ಹಿಂದೆಯೇ ಓಡಿದಳು.

“ಅಪ್ಪಾ, ನಾ ಹೆಸರು ಹೇಳಬಾರದಿತ್ತೇನು?”

ಅಪ್ಪ ನಿಂತ. “ನಿಮ್ಮಪ್ಪನ ಹೆಸರು ನೀ ಮತ್ತೇನು ಹೇಳ್ತಿ? ನಡಿ ಮನಿಗಿ.”

ಸ್ಟೇಶನ್ನಿನ ಕಡೆಗೆ ಹೋದ ಅಪ್ಪ ಲಗ್ನಕ್ಕೆ ಬರಲಿಲ್ಲ. ಬೀಗರು ಕೇಳಿದಾಗ, ರಜಾ ಸಿಗಲಿಲ್ಲ ಎಂದಳು ಅವ್ವ. ಅತ್ತೆ ಅರಿಶಿನದ ಮುಖ ಹೊತ್ತು ಗಂಡನ ಮನೆಗೆ ಹೋದಳು.

ಮರುವಾರ ಅವ್ವ ಅಂಬುವನ್ನು ಕರೆದುಕೊಂಡು ರೈಲಿನಲ್ಲಿ ತಾಂಡೂರಿಗೆ ಹೋದಳು. ದವಾಖಾನೆಯಲ್ಲಿ ಗುಮಾಸ್ತನೊಬ್ಬ ದಪ್ಪ ಪುಸ್ತಕ ತೆರೆದು ಬೆರಳಿಟ್ಟು ಹುಡುಕಿದ. ನರಸಪ್ಪನ ಹೆಸರು ಸಿಕ್ಕಿತು. ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು.

“ಇವನ್ನ ಸೇಡಂಗೆ ಕಳಿಸೀವಿ, ಅದಕ್ಕೇ ಗೆರೆ ಹೊಡೆದೀವಿ. ಆಮೇಲೆ ಇಲ್ಲಿಗೆ ಬಂದಿಲ್ಲ. ಸೇಡಂದಲ್ಲೇ ಕೇಳಮ್ಮಾ.”

ಹೊರಗೆ ಮೆಟ್ಟಿಲ ಮೇಲೆ ಅವ್ವ ಕುಳಿತಳು.

“ಸೇಡಂನಾಗ ಕೇಳೋಣ ಬಾ ಯವ್ವಾ,” ಎಂದಳು ಅಂಬು.

“ಯಾವ ಹೆಸರ್ಲೆ ಕೇಳ್ಲಿ?”

ಅಂಬು ಉತ್ತರ ಹುಡುಕಿದಳು. ಇಲ್ಲಿನ ಪುಸ್ತಕದಲ್ಲಿ ನರಸಪ್ಪನಿಗೆ ಗೆರೆ ಬಿದ್ದಿತ್ತು. ಸೇಡಂನ ಪುಸ್ತಕದಲ್ಲಿ ದೇವೀಂದ್ರಪ್ಪ ಎಂದು ಯಾರೂ ಬರೆದೇ ಇರಲಿಲ್ಲ. ಇವ ಯಾಕೆ ಗುಳಿಗೆಗೆ ಬರಲಿಲ್ಲ, ಎಲ್ಲಿ ಹೋದ ಎಂದು ಕೇಳಿಕೊಂಡು, ಚೀಲ ಹಾಕಿಕೊಂಡು, ಯಾರೂ ತಮ್ಮ ಬಾಗಿಲಿಗೆ ಬರುವುದಿಲ್ಲ.

ಬರಬಾರದು ಎಂದು ಅಪ್ಪನೇ ಹೇಳಿ ಬಂದಿದ್ದ.