ನೀರು ತುಂಬಿದ ಬಾಟಲಿಗಳು

ಗಣಿಕೇರಿಯ ಹೆಂಗಸರ ಪಾಲಿಗೆ ಫಾರ್ಮಲಿನ್ ಇರಲಿಲ್ಲ.

ಎದೆಯ ಗಂಟಿನಿಂದ ಕತ್ತರಿಸಿದ ಚೂರು ಕೆಡದಂತೆ ಹಿಡಿದಿಡುವ ಔಷಧ ಅದು. ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಮೂಲೆಯ ಕಪಾಟು ತೆಗೆದಾಗ ಹೆಣದ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಹದಿನಾಲ್ಕು ಬಾಟಲಿ. ಫಾರ್ಮಲಿನ್ ಬದಲು ನೀರು, ನೀರಿನಲ್ಲಿ ಕೊಳೆತ ಮಾಂಸ. ಎಲ್ಲದರ ಮೇಲೂ ಲ್ಯಾಬಿನ ಹಳಬರು ಒಂದೇ ಷರಾ ಗೀಚಿದ್ದರು: ಪರೀಕ್ಷೆಗೆ ಯೋಗ್ಯವಲ್ಲ.

ಚೀಟಿಗಳ ಮೇಲೆ ಮತ್ತೆ ಮತ್ತೆ ಅದೇ ವಿಳಾಸ, ಗಣಿಕೇರಿ. ಒಂದೆರಡಾದರೆ ಕೈತಪ್ಪು ಎನ್ನಬಹುದು. ಡಾಕ್ಟರಮ್ಮ ಪೊಲೀಸರಿಗೆ ಫೋನ್ ಮಾಡಿದರು.

* * *

ಬಂದವಳು ಸಬ್ ಇನ್ಸ್‌ಪೆಕ್ಟರ್. ಎದುರಿನವರ ಮಾತನ್ನು ನಡುವೆಯೇ ತುಂಡು ಮಾಡುತ್ತಾಳೆಂದು ಠಾಣೆಯವರು ಅವಳಿಗೆ ಇಟ್ಟ ಹೆಸರು ಕತ್ತರಿ.

"ಬಾಟಲಿ ತುಂಬೋದು ಯಾರು?" ಎಂದು ಕೇಳಿದರು ಠಾಣೆಯಲ್ಲಿ ಅವಳ ಸಾಹೇಬರು.

"ನರ್ಸ್. ಅವಳೂ ಗಣಿಕೇರಿಯವಳೇ, ಸರ್."

"ಮತ್ತಿನ್ನೇನು? ಕಲ್ಲು ಒಡೆಯೋಕೆ ಬಂದ ಜನ. ಅಳತೆ ಗೊತ್ತಾ, ಔಷಧ ಗೊತ್ತಾ? ನಾಳೆ ಸಂಜೆಯೊಳಗೆ ಒಳಗೆ ಹಾಕು."

"ಅವಳು ನರ್ಸಿಂಗ್ ಓದಿದ್ದಾಳೆ, ಸರ್."

"ನಾನು ಕೇಳಿದ್ನಾ?"

ಕತ್ತರಿಗೆ ಒಂದೇ ದಿನ ಉಳಿದಿತ್ತು. ಅಷ್ಟರಲ್ಲಿ ಬೇರೆ ಹೆಸರು ಸಿಗದಿದ್ದರೆ ನರ್ಸಿಗೆ ಜೈಲು.

* * *

ನರ್ಸ್ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಬೆಳಿಗ್ಗೆ ಫಾರ್ಮಲಿನ್ ತುಂಬಿ ಟ್ರೇನಲ್ಲಿ ಇಡ್ತೀನಿ. ಆಗ ಯಾವ ಪೇಶೆಂಟೂ ಬಂದಿರಲ್ಲ. ಯಾವ ಬಾಟಲಿ ಯಾರಿಗೆ ಅಂತ ನನಗೇನು ಕನಸು ಬೀಳುತ್ತಾ?"

"ನೀರಿನ ಬಾಟಲಿ?"

"ಅದು ಸಲೈನ್, ಉಪ್ಪುನೀರು. ಗಾಯ ತೊಳೆಯೋಕೆ ಪಕ್ಕದಲ್ಲೇ ಇರುತ್ತೆ. ಅದೇ ಬಾಟಲಿ, ಅದೇ ಬಣ್ಣ. ಚೂರು ತೆಗೆದು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸೋದು ದೊಡ್ಡ ಡಾಕ್ಟರು. ಚೀಟಿ ಅಂಟಿಸೋದು ನಾನು. ಲ್ಯಾಬಿಗೆ ಹೊರೋದು ಅಟೆಂಡರ್."

"ನೀನೂ ಬದಲಾಯಿಸಬಹುದಿತ್ತು."

"ಬದಲಾಯಿಸಬಹುದಿತ್ತು. ನಮ್ಮೋರನ್ನ ನಾನೇ ಸಾಯಿಸ್ದೆ ಅಂತ ಬರ್ಕೊಳ್ಳಿ. ನಿಮಗೂ ಕೆಲಸ ಸಲೀಸು."

ಅಟೆಂಡರ್ ಅಂದೇ ಶಂಕಿತರ ಪಟ್ಟಿಯಿಂದ ಹೊರಬಿದ್ದ. ಅವನು ಕೆಲಸಕ್ಕೆ ಸೇರುವ ಮೊದಲೇ ಅರ್ಧ ಬಾಟಲಿಗಳು ಕಪಾಟು ಸೇರಿದ್ದವು.

* * *

ಗಣಿಕೇರಿಯಲ್ಲಿ ಕತ್ತರಿಯ ಮುಖಕ್ಕೇ ಮೂರು ಬಾಗಿಲು ಮುಚ್ಚಿದವು. ನಾಲ್ಕನೆಯದು ತೆರೆದಾಗ ಒಬ್ಬ ಮಗ ಹೊಸ್ತಿಲಲ್ಲೇ ನಿಂತ.

"ರಿಪೋರ್ಟಲ್ಲಿ ಏನೂ ಬಂದಿಲ್ಲ, ಹೋಗು ಅಂತ ಕಿಟಕಿಯಲ್ಲೇ ಕಳಿಸಿದ್ರು. ಅಮ್ಮ ಖುಷಿಯಿಂದ ಬಂದ್ಲು. ಈಗ ಅವಳು ಮಣ್ಣಾದ ಮೇಲೆ ಬಂದಿದ್ದೀರಾ?"

ಕತ್ತರಿ ಆ ಮಾತನ್ನು ತುಂಡು ಮಾಡಲಿಲ್ಲ.

ಕೇರಿಯ ಕೊನೆಯ ಮನೆಯಲ್ಲಿ ಒಬ್ಬ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವಳ ಚೂರು ಕೆಟ್ಟಿರಲಿಲ್ಲ. ರೋಗ ಗೊತ್ತಾಗಿ, ಆಪರೇಷನ್ ಆಗಿ, ಬದುಕಿದ್ದಳು. ಮೈಬಣ್ಣ ಬಿಳುಪು.

"ನೋಡಿದೋರು ಯಾರೂ ನನ್ನ ಈ ಕೇರಿಯೋಳು ಅನ್ನಲ್ಲ ಮೇಡಂ," ಎಂದು ನಕ್ಕಳು. "ಆ ನರ್ಸ್ ನನಗೆ ಅತ್ತೆ ಮಗಳಾಗ್ಬೇಕು. ಆಸ್ಪತ್ರೆಯಲ್ಲಿ ಮಾತಾಡಿಸಿದ್ರೆ ದೊಡ್ಡ ಡಾಕ್ಟರ ಹತ್ರ ಬೈಸ್ಕೋತಾಳೆ ಅಂತ ಸುಮ್ಮನಿದ್ದೆ."

ಹದಿನಾಲ್ಕನೆಯ ಬಾಟಲಿಯ ವಿಳಾಸ ಗಣಿಕೇರಿಯದಲ್ಲ. ಪೇಟೆಯ ದೊಡ್ಡ ರಸ್ತೆಯದು. ಬಾಗಿಲು ತೆರೆದವಳು ಶಾಲೆಯ ಟೀಚರ್. ಹುಟ್ಟಾ ಪೇಟೆಯವಳು. ಗಣಿಕೇರಿಯವರಷ್ಟೇ ಕಪ್ಪಗಿದ್ದಳು.

ಕತ್ತರಿ ಒಳಗೂ ಹೋಗಲಿಲ್ಲ. ನೇರ ಆಸ್ಪತ್ರೆಗೆ ಜೀಪು ತಿರುಗಿಸಿದಳು.

* * *

ದೊಡ್ಡ ಡಾಕ್ಟರ ಕುರ್ಚಿಯ ಹಿಂದೆ ಪ್ರಶಸ್ತಿಯ ಫಲಕ: ಸ್ತನ ಕ್ಯಾನ್ಸರಿನಲ್ಲಿ ಗುಣವಾದವರು ನೂರಕ್ಕೆ ತೊಂಬತ್ತು.

"ಆ ನರ್ಸನ್ನ ಹಿಡಿದ್ರಾ?"

"ಇಲ್ಲ. ಗಣಿಕೇರಿಯೋಳು ಅಂದ್ಕೊಂಡು ನೀವು ಒಬ್ಬ ಟೀಚರಮ್ಮನ ಚೂರನ್ನೂ ನೀರಿಗೆ ಹಾಕಿದ್ದೀರಿ. ದೊಡ್ಡ ರಸ್ತೆಯೋರು."

ಡಾಕ್ಟರ ಮುಖ ಬಿಳಿಚಿತು. "ಟೀಚರಾ? ಬಾಯಿಬಿಟ್ಟು ಹೇಳಬಾರದಿತ್ತಾ? ನೋಡಿದ್ರೆ ಹಾಗೆ..."

ಅಲ್ಲಿಗೇ ನಿಂತರು. ತಡವಾಗಿತ್ತು. ಬಾಗಿಲಲ್ಲಿ ಲ್ಯಾಬಿನ ಡಾಕ್ಟರಮ್ಮ ಇದ್ದರು, ಹಿಂದೆ ನರ್ಸ್.

"ಹಾಗೆ ಕಾಣಲಿಲ್ಲ, ಅಲ್ವಾ?" ಎಂದಳು ಕತ್ತರಿ. "ಲ್ಯಾಬಿನೋರು ಮಾಡಿದ್ರೆ ವಿಳಾಸ ನೋಡಿ ಮಾಡ್ಬೇಕಿತ್ತು. ಅವರು ಪೇಶೆಂಟಿನ ಮುಖ ಕಾಣಲ್ಲ. ನರ್ಸ್ ಮಾಡಿದ್ರೆ ಟೈಲರಮ್ಮನ್ನ ನೆಂಟರು ಅಂತ ಬಿಟ್ಟಿರಬಹುದು, ಆದ್ರೆ ಟೀಚರಮ್ಮ ಸಿಕ್ಕಿಕೊಳ್ತಿರ್ಲಿಲ್ಲ, ತಮ್ಮ ಕೇರಿಯೋರಲ್ಲ ಅಂತ ಅವಳಿಗೆ ಗೊತ್ತು. ಮೈಬಣ್ಣ ನೋಡಿ ಬಾಟಲಿ ಆರಿಸಿದ್ದು ಟೇಬಲ್ ಪಕ್ಕ ನಿಂತ ಇನ್ನೊಬ್ಬರು. ನೀವು."

"ಗಣಿಕೇರಿಯೋರು ಗಂಟು ಒಡೆದ ಮೇಲೆ ಬರ್ತಾರೆ!" ಡಾಕ್ಟರು ಮೇಜು ಗುದ್ದಿದರು. "ಏನು ಮಾಡಿದ್ರೂ ಸಾಯ್ತಾರೆ. ಸತ್ತೋರೆಲ್ಲ ನನ್ನ ಲೆಕ್ಕಕ್ಕೆ. ರೋಗ ಅಂತ ಖಾತ್ರಿಯಾಗದಿದ್ರೆ ನನ್ನ ಪೇಶೆಂಟೇ ಅಲ್ಲ."

"ಒಡೆದ ಮೇಲೆ ಬಂದೋರು ಎಷ್ಟು ಜನ?" ಎಂದಳು ನರ್ಸ್. "ನಾನೂ ಟೇಬಲ್ ಪಕ್ಕ ನಿಂತಿದ್ದೆ, ಸರ್. ಕಡಲೆಕಾಳಷ್ಟು ಗಂಟು ಇಟ್ಕೊಂಡು ಬಂದೋರೇ ಜಾಸ್ತಿ."

ಸಂಜೆಯೊಳಗೆ ಪೊಲೀಸ್ ಜೀಪು ಹತ್ತಿದ್ದು ದೊಡ್ಡ ಡಾಕ್ಟರೇ.

* * *

ಆ ವಾರ ಕತ್ತರಿ, ಡಾಕ್ಟರಮ್ಮ, ನರ್ಸ್ ಮೂವರೂ ಮನೆಮನೆ ತಿರುಗಿದರು.

ಒಂಬತ್ತು ಮಂದಿ ಆಗಲೇ ಸತ್ತಿದ್ದರು. ಮೂವರಿಗೆ ರೋಗ ಮೂಳೆಗೆ ಇಳಿದಿತ್ತು. ಒಬ್ಬಳು ಕೇರಿ ಬಿಟ್ಟಿದ್ದಳು, ಸಿಗಲಿಲ್ಲ. ಟೀಚರಿಗೆ ಆಪರೇಷನ್ನಿನಲ್ಲಿ ಒಂದು ಮೊಲೆ ಹೋಯಿತು, ಜೀವ ಉಳಿಯಿತು.